ಅಪ್ಪನ ಮುಂದೆ ವಾದ ಮಾಡುವಂತಿಲ್ಲ

ನನ್ನ ಅಪ್ಪ ಬಳ್ಳಾರಿ ಕೋರ್ಟಿನಲ್ಲಿ ಸಿವಿಲ್ ವಕೀಲ. ಕರಿಕೋಟು ತೊಟ್ಟವರು ಯಾರೇ ಎದುರಾಗಲಿ, ನಿನ್ನೆ ಮೊನ್ನೆ ಸನ್ನದು ಪಡೆದವರೇ ಇರಲಿ, ಅಪ್ಪ ಕರೆಯುವುದು ‘ವಕೀಲ್ರ’ ಎಂದೇ. ನನಗೆ ಮಾತ್ರ ‘ಲೇ ಕೂಸ’. ಕಾನೂನು ಕಾಲೇಜಿನ ಕೊನೆಯ ವರ್ಷಕ್ಕೆ ಬಂದರೂ ಲೇ ಕೂಸ. ಅದರಲ್ಲಿ ನನಗೆ ಯಾವ ತಕರಾರೂ ಇರಲಿಲ್ಲ. ನನ್ನ ಗೆಳತಿಯೊಬ್ಬಳು ನಮ್ಮ ಮನೆಯ ಹೊಸ್ತಿಲು ದಾಟಿದ ಮೊದಲ ದಿನವೇ ಅಪ್ಪ ಕುರ್ಚಿ ತೋರಿಸಿ ‘ಬರ್ರಿ ವಕೀಲ್ರ, ಕುಂದರ್ರಿ’ ಎಂದ. ಅವಳಿಗಿನ್ನೂ ಸನ್ನದು ಇರಲಿಲ್ಲ, ಕರಿಕೋಟೂ ಇರಲಿಲ್ಲ. ನನ್ನ ಹಾಗೆಯೇ ಕೊನೆಯ ವರ್ಷದ ವಿದ್ಯಾರ್ಥಿನಿ. ಆವತ್ತು ಹತ್ತಿಕೊಂಡ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ.

ನಮ್ಮ ಮನೆ ಸತ್ಯನಾರಾಯಣಪೇಟೆಯಲ್ಲಿ. ಮುಂದಿನ ಕೋಣೆ ಅಪ್ಪನ ಆಫೀಸು, ಅದರ ಹಿಂದೆ ಪಡಸಾಲೆ, ಪಡಸಾಲೆಯಲ್ಲಿ ಕಬ್ಬಿಣದ ಸರಪಳಿಯ ಜೋಕಾಲಿ. ಅಪ್ಪನಿಗೊಂದು ರೂಢಿಯಿತ್ತು. ಮರುದಿನ ಅಪೀಲಿನ ವಾದವಿದ್ದರೆ ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ ಪಡಸಾಲೆಗೆ ಬಂದು, ನನ್ನನ್ನು ಜೋಕಾಲಿಯ ಮೇಲೆ ಕೂಡಿಸಿ, ತಾನು ಎದುರು ನಿಂತು ಇಡೀ ವಾದ ಒಪ್ಪಿಸುತ್ತಿದ್ದ. ಕಾಲು ನೆಲಕ್ಕೆ ತಾಗದ ವಯಸ್ಸಿನಿಂದಲೂ ಆ ಮನೆಗೆ ನಾನೇ ಜಡ್ಜು. ಜೋಕಾಲಿ ಅಲುಗಬಾರದು, ಅದು ಕಟ್ಟುನಿಟ್ಟು. ಅಲುಗಿತೆಂದರೆ ಪೀಠಕ್ಕೆ ಬೇಸರ ಬಂದಿದೆ ಎಂದು ತಿಳಿದು ಅಪ್ಪ ಆ ಅಂಶವನ್ನು ಅಲ್ಲಿಗೇ ಮೊಟಕು ಮಾಡುತ್ತಿದ್ದ. ‘ಮುಂದ ಹೇಳ್ರಿ’ ಎನ್ನುವುದು ನನಗೆ ಕಲಿಸಿದ್ದ ಮಾತು. ತಿಳಿಯದಿದ್ದಲ್ಲಿ ‘ಅದ್ಯಾಕ?’ ಎಂದು ಕೇಳಬಹುದಿತ್ತು. ಅಪ್ಪ ಆ ಪ್ರಶ್ನೆಗೆ ನಿಜವಾಗಿಯೂ ಹೆದರುತ್ತಿದ್ದ. ಕೂಸಿಗೆ ತಿಳಿಯದಿದ್ದರೆ ಜಿಲ್ಲಾ ಜಡ್ಜಿಗೂ ತಿಳಿಯುವುದಿಲ್ಲ ಎಂದು ಅವ್ವನ ಮುಂದೆ ಹೇಳುತ್ತಿದ್ದ. ಅವ್ವ ಒಳಗಿನಿಂದಲೇ ‘ನನಗಂತೂ ಇಬ್ರದೂ ತಿಳಿಯಂಗಿಲ್ಲ’ ಎನ್ನುತ್ತಿದ್ದಳು.

ಹೀಗೆ ಬೆಳೆದವಳು ನಾನು ಕೊನೆಯ ವರ್ಷದ ವಿಶೇಷ ವಿಷಯವಾಗಿ ವಿಚಾರಣೆ ಮತ್ತು ಮೇಲ್ಮನವಿಯನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ತರಗತಿಯ ಬಹುಪಾಲು ಮಂದಿ ಕಂಪನಿ ಕಾನೂನು, ತೆರಿಗೆ, ಕಾರ್ಮಿಕ ಕಾನೂನು ಎಂದು ಚದುರಿಹೋದರು. ಕೋರ್ಟಿನಲ್ಲಿ ನಿಂತು ಬಾಯಿ ಒಣಗಿಸಿಕೊಳ್ಳುವ ಕೆಲಸ ಯಾರಿಗೆ ಬೇಕು ಎಂದು ನಗಾಡಿದರು. ಉಳಿದವರಲ್ಲಿ ಹುಡುಗಿಯರು ನಾವಿಬ್ಬರೇ, ನಾನು ಮತ್ತು ಆ ಗೆಳತಿ, ಹಚ್ಚೊಳ್ಳಿಯವಳು. ಅವಳ ಅಪ್ಪ ಅವ್ವ ಬೇರೆಯವರ ಭತ್ತದ ಗದ್ದೆಯಲ್ಲಿ ಕೂಲಿ ಮಾಡಿಯೇ ಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದವರು. ಅವರ ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಡಿಗ್ರಿಯ ಫೋಟೊ. ಅವರ ಓಣಿಗೇ ಅವಳು ಮೊದಲ ವಕೀಲೆಯಾಗಲಿದ್ದಳು. ನಾನು ನನ್ನ ಮನೆಗೆ ಎಷ್ಟನೆಯವಳೋ! ಅಜ್ಜ ವಕೀಲ, ಅಪ್ಪ ವಕೀಲ, ದೊಡ್ಡಪ್ಪ ನೋಟರಿ. ನಮ್ಮಲ್ಲಿ ವಕೀಲೆಯಾಗುವುದು ಎಂದರೆ ಹಲ್ಲು ಹುಟ್ಟಿದ ಹಾಗೆ, ಯಾರೂ ತಿರುಗಿ ನೋಡುವುದಿಲ್ಲ. ಅವಳಿಗೆ ಸಿಗುವ ಆ ಬೆರಗು ನನಗೆ ಎಂದೂ ಸಿಗದು ಎಂಬುದೂ ನನ್ನ ಹೊಟ್ಟೆಯುರಿಯ ಒಂದು ಭಾಗವೇ.

ಅವಳನ್ನು ಮನೆಗೆ ಕರೆತಂದವಳೂ ನಾನೇ. ಯಾರಾದರೊಬ್ಬ ವಕೀಲರ ಕೈಕೆಳಗೆ ಕೆಲ ತಿಂಗಳು ಕೋರ್ಟು ನೋಡಬೇಕೆಂಬ ನಿಯಮವಿತ್ತು, ಅವಳಿಗೆ ಊರಲ್ಲಿ ಪರಿಚಯದವರಿರಲಿಲ್ಲ. ‘ನಮ್ಮಪ್ಪನ ಕಡಿ ಬಾರಲೇ, ನಾನೂ ಅಲ್ಲೇ ಇರ್ತೀನಿ’ ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ ಮಾತು. ಆ ಮನಸ್ಸು ಒಂದು ವಾರವೂ ಬಾಳಲಿಲ್ಲ.

ಸಿರುಗುಪ್ಪದ ಕೋರ್ಟಿನಲ್ಲಿ ಅಪ್ಪನಿಗೊಂದು ಗಡಿ ತಂಟೆಯ ಕೇಸಿತ್ತು. ಶನಿವಾರ ಭಾನುವಾರ ಊರಿಗೆ ಹೋಗಿದ್ದ ಅವಳು ಸೋಮವಾರ ಬೆಳಿಗ್ಗೆ ಹಚ್ಚೊಳ್ಳಿಯ ಬಸ್ಸಿನಿಂದಿಳಿದು ನೇರ ಕೋರ್ಟಿಗೆ ಬಂದಳು. ನಾನು ಅಪ್ಪನ ಕಾರಿನಲ್ಲಿ ತೆಕ್ಕಲಕೋಟೆ ದಾಟುವ ತನಕ ನಿದ್ದೆ ಮಾಡಿ ಬಂದಿದ್ದೆ. ಅಪ್ಪ ಎದುರುಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡಿದ. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆವು. ಮಧ್ಯಾಹ್ನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಅಪ್ಪ ಕೇಳಿದ. ‘ಇವತ್ತು ನಾ ಒಂದು ಪ್ರಶ್ನಿ ಕೇಳಬಾರದಿತ್ತು. ಯಾವುದು?’

ನನಗೆ ಗೊತ್ತಿತ್ತು. ಖಂಡಿತ ಗೊತ್ತಿತ್ತು. ಬಾಯಲ್ಲಿ ಮಿರ್ಚಿ ಇತ್ತು, ಸುಡುತ್ತಿತ್ತು. ಅವಳ ಬಾಯಿ ಖಾಲಿ ಇತ್ತು.

‘ಬದು ಯಾರು ಹಾಕಿದ್ರು ಅಂತ ಕೇಳಿದ್ರಲ್ಲ ಸರ್, ಅದು’ ಎಂದಳು. ‘ಆ ಸಾಕ್ಷಿ ತಮ್ಮಪ್ಪ ಹಾಕಿದ್ದು ಅಂದುಬಿಟ್ಟ. ಅಲ್ಲಿತನಕ ಬದು ಯಾರದು ಅಂತ ಯಾರೂ ಹೇಳಿರಲಿಲ್ಲ. ಈಗ ಅದು ದಾಖಲಿ ಆತು. ಇನ್ನ ಮ್ಯಾಲಿನ ಕೋರ್ಟಿಗೆ ಹೋದ್ರೂ ಅದು ಅಳಸಂಗಿಲ್ಲ.’

ಅಪ್ಪ ಮಂಡಕ್ಕಿಯ ಚಮಚವನ್ನು ತಟ್ಟೆಯಲ್ಲಿಟ್ಟು ಅವಳನ್ನೇ ನೋಡಿದ. ‘ಕರೆಕ್ಟ್ ವಕೀಲ್ರ. ಅಪೀಲಂದ್ರ ಇಷ್ಟ ನೋಡ್ರಿ. ಅಲ್ಲಿ ಹೊಸಾ ಸಾಕ್ಷಿ ಬರಂಗಿಲ್ಲ. ಕೆಳಗ ಏನು ಬರದೈತಿ ಅದರಾಗ ಬದಕಬೇಕು.’ ಈ ಮಾತನ್ನು ನಾನು ಜೋಕಾಲಿಯ ಮೇಲೆ ಕೂತು ನೂರು ಸಲ ಕೇಳಿದ್ದೆ. ಅವಳು ಮೊದಲ ಸಲ ಕೇಳುತ್ತಿದ್ದಳು, ಕಣ್ಣರಳಿಸಿಕೊಂಡು. ಅಪ್ಪನಿಗೂ ಅದನ್ನು ಮೊದಲ ಸಲ ಹೇಳಿದಷ್ಟೇ ಖುಷಿ. ಬರುವಾಗ ಅವಳು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿನಲ್ಲಿ ಫೈಲುಗಳ ಜೊತೆ ನಾನು.

ಅದೂ ಹೋಗಲಿ. ಅವ್ವನ ತವರು ಕುರುಗೋಡು. ಆ ವಾರವೇ ಸೋದರಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದೆವು. ಊಟದ ಪಂಕ್ತಿಯಲ್ಲಿ, ನನ್ನ ತಾಯಿಯ ಕಡೆಯ ನೆಂಟರಿಷ್ಟರೆಲ್ಲ ಕೂತಿರುವಾಗ, ಅಪ್ಪ ಈ ಬದುವಿನ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳಿದ. ‘ಹುಡುಗಿ ಅಂದ್ರ ಹುಡುಗಿ, ಒಂದ ಮಾತಿನಾಗ ಹಿಡದಬಿಟ್ಲು’ ಎಂದ. ಮಾವ ಹೆಮ್ಮೆಯಿಂದ ನನ್ನ ಕಡೆ ನೋಡಿ ‘ಭೇಷ್, ನಮ್ಮ ಸೊಸಿ!’ ಎಂದ. ‘ಈಕಿ ಅಲ್ಲೋ, ಈಕಿ ಗೆಳತಿ’ ಎಂದ ಅಪ್ಪ. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ, ಅಳಬಾರದು ಎಂದು. ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದೆ.

ಕೈತೊಳೆಯುವಲ್ಲಿ ಅವ್ವ ಹಿಂದೆಯೇ ಬಂದಳು. ಅವ್ವ ಹೆಚ್ಚು ಓದಿದವಳಲ್ಲ, ಕೋರ್ಟಿನೊಳಗೆ ಎಂದೂ ಕಾಲಿಟ್ಟವಳಲ್ಲ. ‘ನೀ ಯಾವಾಗ ವಾದ ಮಾಡ್ತಿ?’ ಎಂದು ಕೇಳಿದಳು.

‘ಕಾಲೇಜಿನಾಗ ಮೂಟ್ ಐತಿ ಅವ್ವ. ಅಣಕು ಕೋರ್ಟು. ಆರಿಸಿದ್ರ ಮಾಡ್ತೀನಿ.’

‘ಆರಸ್ತಾರ. ನಾ ಬರ್ತೀನಿ ನೋಡಾಕ. ನಿಮ್ಮಪ್ಪನ್ನೂ ಎಳಕೊಂಡು ಬರ್ತೀನಿ. ಒಂದ್ಸಲ ನಿಂದು ಕೇಳಲಿ.’

ಅದೇ ನನಗೆ ಬೇಕಿದ್ದದ್ದು. ಬಹುಮಾನ, ಅಂಕ ಯಾವುದೂ ಅಲ್ಲ. ಅಪ್ಪ ಒಂದು ಸಲ, ಒಂದೇ ಸಲ, ಕೂತು ನನ್ನ ವಾದ ಕೇಳಬೇಕು. ಇಷ್ಟು ವರ್ಷ ಅವನದನ್ನು ನಾನು ಕೇಳಿದ್ದೇನೆ.

ಮೂಟ್ ಕನ್ನಡದಲ್ಲೇ ಎಂದು ನಮ್ಮ ಮೇಷ್ಟ್ರು ತೀರ್ಮಾನಿಸಿದ್ದರು. ನಾಳೆ ತಾಲೂಕು ಕೋರ್ಟಿನಲ್ಲಿ ನಿಂತಾಗ ಇಂಗ್ಲಿಷಿನಲ್ಲಿ ನುಡಿದರೆ ಕಕ್ಷಿದಾರ ಗಾಬರಿಯಾಗುತ್ತಾನೆ ಎನ್ನುತ್ತಿದ್ದರು. ಕಾಲುವೆ ನೀರಿನ ಒಂದು ಕೇಸನ್ನು ಕಟ್ಟಿಕೊಟ್ಟರು. ಮೇಲಿನ ಹೊಲದವನು ತನ್ನ ಹೊಲದಲ್ಲಿ ಹಾದುಹೋಗುತ್ತಿದ್ದ ಸಣ್ಣ ಹೊಲಗಾಲುವೆಯನ್ನು ಟ್ರ್ಯಾಕ್ಟರ್ ಹೊಡೆದು ಮುಚ್ಚಿದ್ದಾನೆ. ಕೆಳಗಿನ ಹೊಲದವನು ದಾವೆ ಹೂಡಿದ್ದಾನೆ. ನೀರಿಗೆ ಬೇರೆ ದಾರಿ ಇದೆಯಲ್ಲ ಎಂದು ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿದೆ. ಆ ತೀರ್ಪಿನ ಮೇಲೆ ಅಪೀಲು. ಒಂದೊಂದು ಪಕ್ಷಕ್ಕೆ ವಾದಿಸುವವರು ಒಬ್ಬರು, ಪಕ್ಕದಲ್ಲಿ ಕೂತು ಕಾಗದ ಒದಗಿಸುವವರು ಒಬ್ಬರು. ನಮ್ಮನ್ನೆಲ್ಲ ಕರೆದು ಮಾತಾಡಿಸಿ ನೋಡಿದ ಮೇಷ್ಟ್ರು ಅಪೀಲುದಾರರ ಪರ ವಾದಿಸಲು ನನ್ನನ್ನು ಆರಿಸಿದರು. ಕಾಗದ ಒದಗಿಸಲು ಅವಳನ್ನು.

ಆವತ್ತು ನನ್ನ ಮೆರೆದಾಟ ನೋಡಬೇಕಿತ್ತು. ಅವಳನ್ನು ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದೆ. ‘ಬೇಜಾರ ಮಾಡ್ಕೋಬ್ಯಾಡಲೇ’ ಎಂದು ಸಮಾಧಾನ ಬೇರೆ ಹೇಳಿದೆ. ಅವಳು ಬೇಜಾರು ಮಾಡಿಕೊಂಡಿರಲೇ ಇಲ್ಲ, ಅದೊಂದು ಕೊರತೆಯಾಯಿತು. ಆಮೇಲೆ ಹಗಲೂ ರಾತ್ರಿಯೂ ಆ ಅಪೀಲಿನಲ್ಲೇ ಮುಳುಗಿದೆ. ಸಾಕ್ಷಿಗಳ ಹೇಳಿಕೆ ಓದುತ್ತ ಓದುತ್ತ ಒಂದು ತೂತು ಸಿಕ್ಕಿತು. ನೀರಿಗೆ ಬೇರೆ ದಾರಿ ಇದೆ ಎಂದು ತೀರ್ಪಿನಲ್ಲಿದೆ, ಆದರೆ ಒಬ್ಬ ಸಾಕ್ಷಿಯೂ ಆ ಮಾತಾಡಿಲ್ಲ, ಯಾರೂ ಕೇಳಿಯೂ ಇಲ್ಲ. ಅದಕ್ಕೆ ಪರಿಹಾರವನ್ನೂ ಯೋಚಿಸಿಟ್ಟುಕೊಂಡೆ. ಮನೆಯಲ್ಲಿ ಅಪ್ಪನಿಗೆ ಒಂದಕ್ಷರ ಹೇಳಲಿಲ್ಲ. ಅಲ್ಲೇ ಕೇಳಲಿ, ಬೆರಗಾಗಲಿ ಎಂದು.

ಮೂಟಿನ ಹಿಂದಿನ ವಾರ ಮೇಷ್ಟ್ರು ಮನೆಗೆ ಬಂದರು. ಪೀಠದಲ್ಲಿ ಕೂರಲು ಒಪ್ಪಿದ್ದ ಹಿರಿಯ ವಕೀಲರಿಗೆ ಆರೋಗ್ಯ ತಪ್ಪಿತ್ತು. ಅಪ್ಪ ಬರಬೇಕು ಎಂದು ಕೇಳಿಕೊಂಡರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಮೇಷ್ಟ್ರೇ ಮೆಲ್ಲಗೆ ಎತ್ತಿದರು. ‘ಒಂದು ತೊಡಕಿದೆ ಸರ್. ಅಪೀಲುದಾರರ ಪರ ನಿಮ್ಮ ಮಗಳೇ ವಾದಿಸುತ್ತಾಳೆ. ಜಡ್ಜು ಹತ್ತಿರದ ಸಂಬಂಧಿಯಾದರೆ ಅವರ ಮುಂದೆ ವಕೀಲರು ವಾದಿಸುವಂತಿಲ್ಲ ಅಂತ ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ.’

ಅಪ್ಪ ಈಗ ಒಲ್ಲೆ ಎನ್ನುತ್ತಾನೆ ಎಂದುಕೊಂಡೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

‘ನಿಯಮ ನಿಯಮನ’ ಎಂದ ಅಪ್ಪ. ‘ಆಕಿ ಪಕ್ಕದಾಗ ಕುಂದರಲಿ. ಇನ್ನೊಬ್ಬಾಕಿ ಅದಾಳಲ್ಲ, ಆಕಿ ಮಾಡ್ತಾಳ.’

ಚಹಾ ತಟ್ಟೆಗೆ ಚೆಲ್ಲಿತು. ‘ನೋಡಕೊಂಡು ಹಿಡೀ ಲೇ ಕೂಸ’ ಎಂದ.

ಅವತ್ತಿನಿಂದ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಅವನಿಗೆ ಅದು ತಿಳಿದಂತೆ ಕಾಣಲಿಲ್ಲ. ಪೀಠಕ್ಕೆ ಹೋಗುವ ಕೋಟನ್ನು ಇಸ್ತ್ರಿಗೆ ಕೊಡುವ ಗಡಿಬಿಡಿಯಲ್ಲಿದ್ದ. ನನ್ನ ಅಪೀಲನ್ನು ಹಚ್ಚೊಳ್ಳಿಯವಳಿಗೆ ಒಪ್ಪಿಸಬೇಕಾಯಿತು, ನಾನೇ ಬೆಳೆದ ಬೆಳೆಯನ್ನು ಬೇರೆಯವರ ಗಾಡಿಗೆ ಹೇರಿದ ಹಾಗೆ. ‘ನಾ ಒಲ್ಲೆ ಅಂತೀನಿ, ಮೇಷ್ಟ್ರಿಗೆ ಹೇಳ್ತೀನಿ’ ಎಂದು ಅವಳು ಎರಡು ಮೂರು ಸಲ ಅಂದಳು. ಬೇಡ ಎಂದೆ. ಅವಳು ಬಿಟ್ಟುಕೊಟ್ಟು ನಾನು ಪಡೆಯುವುದಿದೆಯಲ್ಲ, ಅದಕ್ಕಿಂತ ಹೊಟ್ಟೆಯುರಿಯೇ ವಾಸಿ. ಅವ್ವನಿಗೆ ಬದಲಾದ ಸುದ್ದಿಯನ್ನು ನಾನೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಹೇಳಲು ನನಗೆ ನಾಚಿಕೆ. ಅವನಿಗೆ ಅದು ಹೇಳುವಂಥ ಸುದ್ದಿ ಅನಿಸಿರಲಿಕ್ಕಿಲ್ಲ.

ಮೂಟಿನ ದಿನ ಅವ್ವ ಬಂದಳು. ಗೃಹಪ್ರವೇಶಕ್ಕೆ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕೊನೆಯ ಸಾಲಿನಲ್ಲಿ ಕೂತಳು. ಮೇಲೆ ಪೀಠದಲ್ಲಿ ಅಪ್ಪ, ಕೆಳಗೆ ಮೇಜಿನ ಪಕ್ಕ ನಾನು. ಎದ್ದು ನಿಂತದ್ದು ಹಚ್ಚೊಳ್ಳಿಯವಳು. ಅವ್ವ ನನ್ನ ಕಡೆ ನೋಡಿ, ನೀ ಯಾವಾಗ ಎಂದು ಕೈಸನ್ನೆ ಮಾಡಿದಳು. ನಾನು ತಲೆ ತಗ್ಗಿಸಿದೆ.

ನಾನು ಬರೆದುಕೊಟ್ಟದ್ದು ಹೀಗೆ ಶುರುವಾಗುತ್ತಿತ್ತು: ‘ಸ್ವಾಮಿ, ಈ ಮೇಲ್ಮನವಿಯು ಕೆಳ ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿಯ ವಿರುದ್ಧ ಸಲ್ಲಿಸಿದ್ದಾಗಿದ್ದು...’ ಅವಳು ಅದನ್ನು ಮುಟ್ಟಲೇ ಇಲ್ಲ. ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟಳು. ಆಮೇಲೆ ಹೇಳಿದಳು. ‘ಸ್ವಾಮಿ, ಕೆಳಗಿನ ಹೊಲದವನು ನೀರು ಕೇಳುತ್ತಿಲ್ಲ. ನೀರು ಬರುವ ದಾರಿಯನ್ನು ಕೇಳುತ್ತಿದ್ದಾನೆ.’

ಅಪ್ಪ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದ. ನಾನು ಎಷ್ಟು ತಡಕಾಡಿದರೂ ಸಿಗದಿದ್ದ ವಾಕ್ಯ ಅದು. ಅಷ್ಟು ಸಲೀಸಾಗಿ, ಊರಲ್ಲಿ ಯಾರನ್ನೋ ಮಾತಾಡಿಸಿದಂತೆ ಹೇಳಿಬಿಟ್ಟಳು. ಅಲ್ಲಿಂದಾಚೆಗೆ ನನ್ನ ಅಂಶಗಳೇ, ನನ್ನ ಕ್ರಮವೇ, ಆದರೆ ದನಿ ಅವಳದು.

ಅರ್ಧ ದಾರಿಯಲ್ಲಿ ಅಪ್ಪ ತಡೆದ. ಪೀಠಕ್ಕೆಂದು ತಂದಿದ್ದ ಪುಸ್ತಕದ ಕನ್ನಡ ಅಷ್ಟರಲ್ಲಿ ಮುಗಿದಿತ್ತು. ‘ವಕೀಲ್ರ, ಬ್ಯಾರೆ ದಾರಿ ಐತೋ ಇಲ್ಲೋ ಅಂತ ಕೆಳಗ ಒಬ್ಬ ಸಾಕ್ಷಿನೂ ಹೇಳಿಲ್ಲ ಅಂತೀರಿ. ಇಲ್ಲಿ ನಾ ಸಾಕ್ಷಿ ಕರಿಯಾಕ ಬರಂಗಿಲ್ಲ. ಹಂಗಾರ ನಾ ಏನ್ ಮಾಡ್ಲಿ? ಐತಿ ಅನ್ಲೋ, ಇಲ್ಲ ಅನ್ಲೋ?’

ಅವಳು ಕಾಗದ ತಿರುವಿದಳು. ಮತ್ತೆ ತಿರುವಿದಳು. ಉತ್ತರ ಅದರಲ್ಲಿರಲಿಲ್ಲ. ಅದನ್ನು ನಾನು ಅವಳಿಗೆ ಕೊಟ್ಟ ಕಾಗದದಲ್ಲಿ ಬರೆದಿರಲಿಲ್ಲ, ಅದು ನನ್ನ ತಲೆಯಲ್ಲಿತ್ತು. ಸಮಯ ಮುಗಿಯುವ ಗಂಟೆಯೂ ಬಾರಿಸಿತು. ‘ಇರಲಿ, ವೇಳೆ ಐತಿ, ಯೋಚನಿ ಮಾಡ್ರಿ’ ಎಂದ ಅಪ್ಪ. ನನಗೆ ಅವನು ಯಾವತ್ತು ಹಾಗೆ ಅಂದಿದ್ದ? ಅವಳು ಅಲ್ಲೇ ತಡವರಿಸಿ ನಿಲ್ಲಲಿ ಎಂದು ನನ್ನ ಮನಸ್ಸು ಕೂಗಿ ಹೇಳಿತು. ಆದರೆ ಸೋಲುವುದು ಅವಳಾದರೂ ಬೀಳುತ್ತಿದ್ದದ್ದು ನನ್ನ ಅಪೀಲು. ನಾನು ಸಾಕಿದ ಅಪೀಲು. ಚೀಟಿ ಬರೆದು ಮೇಜಿನ ಮೇಲೆ ತಳ್ಳಿದೆ: ‘ವಾಪಸ್ ಕಳಿಸಲು ಕೇಳು.’

ಅವಳು ಓದಿ ತಲೆಯೆತ್ತಿದಳು. ‘ಸ್ವಾಮಿ, ಕೇಳದೇ ತೀರ್ಮಾನಿಸಿದ್ದನ್ನು ಇಲ್ಲಿ ಸರಿ ಎನ್ನುವುದೂ ಬೇಡ, ತಪ್ಪು ಎನ್ನುವುದೂ ಬೇಡ. ಆ ತೀರ್ಪನ್ನು ರದ್ದು ಮಾಡಿ ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿ. ಮತ್ತೆ ಕೇಳಲಿ, ಈ ಸಲ ಪೂರ್ತಿ ಕೇಳಲಿ.’ ಆಮೇಲೆ ಒಂದು ಮಾತು ಸೇರಿಸಿದಳು. ‘ಈ ಅಂಶ ನನ್ನದಲ್ಲ ಸ್ವಾಮಿ. ನನ್ನ ಪಕ್ಕದಲ್ಲಿರುವ ವಕೀಲರದು.’

ಅದಕ್ಕೂ ನನಗೆ ಸಿಟ್ಟು ಬಂತು. ಅನ್ಯಾಯವಾಯಿತು ಎಂದು ಒಳಗೊಳಗೇ ಕೊರಗುವ ಸುಖವನ್ನೂ ಅವಳು ಉಳಿಸಲಿಲ್ಲ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ‘ಯಾರದು ಅನ್ನೋದು ಪೀಠಕ್ಕ ಬ್ಯಾಡ. ನೀವು ಹೇಳಿದ್ರಿ, ನಾವು ಕೇಳಿದ್ವಿ’ ಎಂದ. ಅಪೀಲು ಪುರಸ್ಕೃತವಾಯಿತು, ಕೇಸು ವಾಪಸ್ ಹೋಯಿತು, ಅತ್ಯುತ್ತಮ ವಾದಮಂಡನೆಯ ಬಹುಮಾನ ಅವಳಿಗೆ ಬಂತು. ಇವತ್ತು ಅವಳು ಸಿರುಗುಪ್ಪದಲ್ಲಿ ಸ್ವಂತ ಆಫೀಸು ಮಾಡಿದ್ದಾಳೆ. ಯಾವುದಾದರೂ ಕೇಸಿನಲ್ಲಿ ಎದುರುಪಕ್ಷಕ್ಕೆ ಅವಳು ಎಂದು ಗೊತ್ತಾದರೆ ನಾನು ಆವತ್ತಿನ ಊಟ ಬಿಟ್ಟು ತಯಾರಿ ಮಾಡುತ್ತೇನೆ.

ಮೂಟಿನ ದಿನ ಸಂಜೆ ಮನೆಗೆ ಬಂದು ಅಪ್ಪ, ಕಾಲೇಜಿನವರು ಸನ್ಮಾನಿಸಿ ಹೊದಿಸಿದ್ದ ಶಾಲು ಹೊದ್ದುಕೊಂಡೇ ಜೋಕಾಲಿಯ ಮೇಲೆ ಕೂತ. ಕಾಲಿನಿಂದ ನೆಲ ಒತ್ತಿ ಹಗುರಾಗಿ ತೂಗಿಕೊಳ್ಳುತ್ತಿದ್ದ. ಕಾಲೇಜಿನಲ್ಲೇ ಮೇಷ್ಟ್ರಿಂದ ವಿಷಯ ತಿಳಿದುಕೊಂಡಿದ್ದ ಅವ್ವ ಸೀರೆ ಬದಲಿಸದೆ ಅವನ ಎದುರು ನಿಂತಳು.

‘ಮಗಳು ವಾದ ಮಾಡಬೇಕಿತ್ತಂತ. ನೀವು ಮ್ಯಾಲೆ ಕುಂತದ್ದಕ್ಕ ಆಕಿ ಕೆಳಗ ಕುಂತ್ಲಂತ. ಖರೇನ?’

‘ನಿಯಮ ಐತಿ’ ಎಂದ ಅಪ್ಪ.

‘ನಿಯಮ ನಿಮಗ ಗೊತ್ತಿತ್ತಲ್ಲ. ಒಲ್ಲೆ ಅನ್ನಾಕ ಏನಾಗಿತ್ತು?’

ಅಪ್ಪ ತೂಗುವುದನ್ನು ನಿಲ್ಲಿಸಿದ. ಶಾಲಿನ ಅಂಚು ಹಿಡಿದುಕೊಂಡು ಹೇಳಿದ. ‘ಜೀವಮಾನ ಎಲ್ಲಾ ಕೆಳಗ ನಿಂತ ಮಾತಾಡೀನಿ. ನನಗಿಂತ ಸಣ್ಣವರು ಬಂದು ಮ್ಯಾಲೆ ಕುಂತ್ರು, ಅವರಿಗೂ ಸ್ವಾಮಿ ಅಂದೀನಿ. ಮನಿಗೆ ಬಂದ್ರ ಈ ಕೂಸು ಜೋಕಾಲಿ ಮ್ಯಾಲೆ, ನಾ ಇಲ್ಲೂ ಕೆಳಗ. ಒಂದ ದಿನ ಮ್ಯಾಲೆ ಕುಂತು ನೋಡಬೇಕನಿಸ್ತು.’

ಅಪ್ಪನಿಗೂ ಹೊಟ್ಟೆಕಿಚ್ಚು! ಅದೂ ನನ್ನ ಜೋಕಾಲಿಯ ಮೇಲೆ. ನನ್ನದು ಯಾವ ಕಡೆಯಿಂದ ಬಂದದ್ದು ಎಂದು ಆಗ ತಿಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ‘ಹಂಗಾರ ಈಗ ಕುಂತೀದಿ ಅಲ್ಲ, ಕೇಳು’ ಎಂದು ಎದುರು ಹೋಗಿ ನಿಂತೆ. ‘ಸ್ವಾಮಿ, ಈ ಮೇಲ್ಮನವಿಯು...’

ಎರಡು ವಾಕ್ಯ ಮುಗಿದಿರಲಿಲ್ಲ, ಜೋಕಾಲಿ ತೂಗತೊಡಗಿತು. ‘ಇದನ್ನ ಬೆಳಿಗ್ಗೆನ ಕೇಳೀನಲ್ಲಲೇ. ಆದೇಶನೂ ಆತು’ ಎಂದು ಆಕಳಿಸಿದ. ‘ವಜಾ. ಬೇಕಾರ ಮ್ಯಾಲಿನ ಕೋರ್ಟಿಗೆ ಹೋಗು’ ಎಂದು ನಗುತ್ತ ಅವ್ವನ ಕಡೆ ಕೈ ತೋರಿಸಿದ.

ಮೇಲಿನ ಕೋರ್ಟು ಅಲ್ಲೇ ನಿಂತಿತ್ತು. ಅವ್ವ ಮುಂದೆ ಬಂದು ಜೋಕಾಲಿಯ ಸರಪಳಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

‘ಬೆಳಿಗ್ಗೆ ನೀವು ಕೇಳಿದ್ದು ಆ ಹುಡುಗಿದು. ಈಕಿದು ಕೇಳೇ ಇಲ್ಲ. ಕೇಳದ ತೀರ್ಮಾನ ಮಾಡಿದ್ರ ಏನ್ ಮಾಡಬೇಕು ಅಂತ ನೀವ ಆದೇಶ ಮಾಡೀರಿ, ನಾ ಅಲ್ಲೇ ಹಿಂದ ಕುಂತಿದ್ದೆ. ನಿಮ್ಮ ತೀರ್ಪು ರದ್ದು. ವಾಪಸ್ ಕಳಿಸೀನಿ. ಮೊದಲಿಂದ ಕೇಳ್ರಿ, ಈ ಸಲ ಪೂರ್ತಿ ಕೇಳ್ರಿ.’

ಅಪ್ಪನ ನಗು ನಿಂತಿತು. ಶಾಲು ತೆಗೆದು ಪಕ್ಕಕ್ಕಿಟ್ಟ. ಕನ್ನಡಕ ಹಾಕಿಕೊಂಡ. ಎರಡೂ ಪಾದಗಳನ್ನು ನೆಲಕ್ಕೆ ಊರಿ ಕೂತ.

‘ಹೇಳ್ರಿ ವಕೀಲ್ರ’ ಎಂದ.

ನಾನು ಬಾಯಿ ತೆರೆದೆ. ‘ಸ್ವಾಮಿ, ಕೆಳಗಿನ ಹೊಲದವನು ನೀರು ಕೇಳುತ್ತಿಲ್ಲ...’

ಅವಳ ವಾಕ್ಯ. ನನ್ನ ಸ್ವಂತ ಬಾಯಿಂದ ಬಂದದ್ದು ಅವಳ ವಾಕ್ಯ. ಅಲ್ಲೇ ನಿಂತುಬಿಟ್ಟೆ. ಕಿವಿ ಬಿಸಿಯಾದವು. ಅಪ್ಪನಿಗೆ ಗೊತ್ತಾಗಿತ್ತು, ಅವ್ವನಿಗೂ ಗೊತ್ತಾಗಿತ್ತು. ಜೋಕಾಲಿ ಈಗ ಅಲುಗುತ್ತದೆ ಎಂದು ನೋಡುತ್ತಿದ್ದೆ.

ಅಲುಗಲಿಲ್ಲ.

‘ಇನ್ನೊಮ್ಮೆ ಹೇಳ್ರಿ’ ಎಂದ ಅಪ್ಪ. ‘ನಿಮ್ಮದು ಹೇಳ್ರಿ. ವೇಳೆ ಐತಿ.’